ಪುಟ್ಟ ಗಣಕ ಆಟಗಳು: ಆಡೋಣ, ಪರೀಕ್ಷಿಸೋಣ

ಮಕ್ಕಳೇ, ಗುಡಿಯ ಕಟ್ಟೆಯ ಮೇಲೆ ಗೆರೆ ಎಳೆದು ಚೌಕಾಬಾರ ಆಡುವುದನ್ನು ನೀವು ನೋಡಿದ್ದೀರಿ. ಈ ಆಟಕ್ಕೆ ಏನೇನು ಬೇಕು? ಒಂದು ಸುಣ್ಣದ ತುಂಡು, ನಾಲ್ಕು ಕವಡೆ, ಕೆಲವು ಕಾಯಿಗಳು. ಇಷ್ಟೇ ಸಾಕೇ? ಸಾಲದು. ಇನ್ನೊಂದು ಮುಖ್ಯ ವಸ್ತು ಬೇಕು. ಅದು ಕಣ್ಣಿಗೆ ಕಾಣುವುದಿಲ್ಲ. ಅದೇ ನಿಯಮ. ಎಷ್ಟು ಕವಡೆ ಅಂಗಾತ ಬಿದ್ದರೆ ಎಷ್ಟು ಮನೆ ನಡೆಯಬೇಕು, ಯಾವ ಮನೆಯಲ್ಲಿ ಕಾಯಿ ಹೊಡೆಯಬಾರದು ಎಂಬ ನಿಯಮಗಳಿಲ್ಲದಿದ್ದರೆ ಆಟವೇ ಇಲ್ಲ.

ಗಣಕಯಂತ್ರದ ಆಟವೂ ಹೀಗೆಯೇ. ಪರದೆಯ ಮೇಲೆ ಕಾಣುವ ಬಣ್ಣ, ಚಿತ್ರ, ಸದ್ದು ಇವೆಲ್ಲ ಗೆರೆ ಮತ್ತು ಕಾಯಿ ಇದ್ದಂತೆ. ಅವುಗಳ ಹಿಂದೆ ಯಾರೋ ಬರೆದಿಟ್ಟ ನಿಯಮಗಳಿವೆ. ನಿಸರ್ಗದಲ್ಲಿಯೂ ನಿಯಮಗಳಿವೆ. ಆದರೆ ಅವನ್ನು ಯಾರೂ ಕಾಗದದ ಮೇಲೆ ಬರೆದುಕೊಟ್ಟಿಲ್ಲ. ವಿಜ್ಞಾನಿಗಳು ನೋಡಿ, ಊಹಿಸಿ, ಪರೀಕ್ಷಿಸಿ ಕಂಡುಹಿಡಿಯಬೇಕು. ಆಟದ ನಿಯಮವನ್ನೂ ಹಾಗೆಯೇ ಕಂಡುಹಿಡಿಯಬಹುದಲ್ಲವೇ? ಆಟದ ನಿಯಮಕ್ಕೂ ನಿಸರ್ಗದ ನಿಯಮಕ್ಕೂ ತಾಳೆ ಇದೆಯೇ ಎಂದು ನೋಡಬಹುದಲ್ಲವೇ? ಇದಕ್ಕೆ ತಕ್ಕ ನಾಲ್ಕು ಉಚಿತ ಆಟಗಳ ಪರಿಚಯ ಇಲ್ಲಿದೆ.

ಉಚಿತ ಎಂದರೇನು?

ಮೊಬೈಲಿನಲ್ಲಿ ಸಿಗುವ ಬಹಳಷ್ಟು ಆಟಗಳನ್ನು ಉಚಿತ ಎನ್ನುತ್ತಾರೆ. ಆದರೆ ಸ್ವಲ್ಪ ಹೊತ್ತು ಆಡಿದ ಮೇಲೆ ಜಾಹೀರಾತು ಬರುತ್ತದೆ. ಮುಂದಿನ ಹಂತಕ್ಕೆ ಹೋಗಲು ಹಣ ಕೊಡಿ ಎನ್ನುತ್ತದೆ. ಇದು ಒಂದು ಬಗೆ.

ಇನ್ನೊಂದು ಬಗೆಯೂ ಇದೆ. ಅದು ಮುಕ್ತ ತಂತ್ರಾಂಶ. ಇದನ್ನು ಬಳಸಬಹುದು, ಒಳಗಿನ ನಿಯಮಗಳನ್ನು ಓದಬಹುದು, ಬದಲಾಯಿಸಬಹುದು, ಗೆಳೆಯರಿಗೆ ಹಂಚಬಹುದು. ಚೌಕಾಬಾರವನ್ನು ಅಜ್ಜಿಯಿಂದ ಮೊಮ್ಮಗಳು ಕಲಿತು ಇಡೀ ಓಣಿಗೆ ಕಲಿಸಿದಂತೆ! ನಾವು ಇಲ್ಲಿ ಹೇಳುವ ನಾಲ್ಕೂ ಆಟಗಳು ಈ ಬಗೆಯವು.

ನಮ್ಮ ರಾಜ್ಯದ ಶಾಲೆಗಳಿಗೆ ಇದು ತೀರ ಹೊಸದಲ್ಲ. 2000ದ ದಶಕದ ಆರಂಭದಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಕನ್ನಡದಲ್ಲಿ ಕಲಿಕೆಯ ಸಿ.ಡಿ.ಗಳನ್ನು ಸಿದ್ಧಪಡಿಸಿ ಸರಕಾರಿ ಪ್ರಾಥಮಿಕ ಶಾಲೆಗಳಿಗೆ ಒದಗಿಸಿತ್ತು. ಮುಂದೆ 2010ರ ದಶಕದಲ್ಲಿ ಶಿಕ್ಷಕರಿಗಾಗಿ ರೂಪಿಸಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಜಾಲತಾಣದಲ್ಲಿ ಟಕ್ಸ್ ಮ್ಯಾತ್‌ನಂತಹ ಮುಕ್ತ ತಂತ್ರಾಂಶಗಳ ಪರಿಚಯ ಸೇರಿತು.

ಒಂದು ಲೆಕ್ಕ ಮಾಡೋಣ

ಆಟವನ್ನು ಅಂತರ್ಜಾಲದಿಂದ ನಮ್ಮ ಗಣಕಕ್ಕೆ ತಂದುಕೊಳ್ಳುವುದಕ್ಕೆ ‘ಇಳಿಸಿಕೊಳ್ಳುವುದು’ ಅಥವಾ ಡೌನ್‌ಲೋಡ್ ಎನ್ನುತ್ತಾರೆ. ಆಟದ ಗಾತ್ರವನ್ನು ಎಂಬಿ ಎಂಬ ಅಳತೆಯಲ್ಲಿ ಹೇಳುತ್ತಾರೆ. 1024 ಎಂಬಿ ಸೇರಿದರೆ 1 ಜಿಬಿ.

ಅಂತರ್ಜಾಲದ ವೇಗವನ್ನು ಮೆಗಾಬಿಟ್‌ಗಳಲ್ಲಿ ಹೇಳುತ್ತಾರೆ. 1 ಎಂಬಿ ಎಂದರೆ 8 ಮೆಗಾಬಿಟ್. ನಿಮ್ಮ ಶಾಲೆಯಲ್ಲಿ ಸೆಕೆಂಡಿಗೆ 2 ಮೆಗಾಬಿಟ್ ವೇಗ ಸಿಗುತ್ತದೆ ಎಂದು ಇಟ್ಟುಕೊಳ್ಳಿ.

4 ಎಂಬಿಯ ಆಟ: 4 × 8 = 32 ಮೆಗಾಬಿಟ್. 32 ÷ 2 = 16 ಸೆಕೆಂಡು.
1 ಜಿಬಿಯ ಆಟ: 1024 × 8 = 8192 ಮೆಗಾಬಿಟ್. 8192 ÷ 2 = 4096 ಸೆಕೆಂಡು. ಅಂದರೆ 1 ಗಂಟೆ 8 ನಿಮಿಷ 16 ಸೆಕೆಂಡು!

ಅಷ್ಟರಲ್ಲಿ ಕರೆಂಟು ಹೋದರೆ? ಚಿಕ್ಕ ಆಟದ ಲಾಭ ಈಗ ತಿಳಿಯಿತಲ್ಲವೇ? ಹಳೆಯ ಗಣಕದಲ್ಲಿಯೂ ಅದು ಸಾಮಾನ್ಯವಾಗಿ ಸಲೀಸಾಗಿ ನಡೆಯುತ್ತದೆ. ಒಮ್ಮೆ ಇಳಿಸಿಕೊಂಡರೆ ಪೆನ್‌ಡ್ರೈವ್‌ನಲ್ಲಿ ಬೇರೆ ಶಾಲೆಗೂ ಒಯ್ಯಬಹುದು.

ಆಟ 1: ಟಕ್ಸ್ ಮ್ಯಾತ್

ಟಕ್ಸ್ ಎಂಬುದು ಒಂದು ಪೆಂಗ್ವಿನ್. ಲಾರಿ ಯೂಯಿಂಗ್ ಎಂಬವರು 1996ರಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಗಾಗಿ ಬಿಡಿಸಿದ ಚಿತ್ರವಿದು. ಈ ಆಟದಲ್ಲಿ ಪೆಂಗ್ವಿನ್‌ಗಳ ಹಿಮದ ಗುಡಿಸಲುಗಳ ಮೇಲೆ ಧೂಮಕೇತುಗಳು ಬೀಳುತ್ತವೆ. ಪ್ರತಿ ಧೂಮಕೇತುವಿನ ಮೇಲೂ ಒಂದು ಲೆಕ್ಕ: 7 × 8 = ?. ಉತ್ತರ ಒತ್ತಿದರೆ ಧೂಮಕೇತು ಚೂರಾಗುತ್ತದೆ. ತಡವಾದರೆ ಗುಡಿಸಲು ಕರಗುತ್ತದೆ. ಬಿಲ್ ಕೆಂಡ್ರಿಕ್ ಎಂಬವರು 2001ರಲ್ಲಿ ಇದನ್ನು ಆರಂಭಿಸಿದರು.

ಹೀಗೆ ಪರೀಕ್ಷಿಸಿ: ಐದು ದಿನ ಆಡಿ. ಯಾವ ಲೆಕ್ಕದಲ್ಲಿ ತಪ್ಪಿದಿರಿ ಎಂದು ಪ್ರತಿದಿನ ಪಟ್ಟಿ ಮಾಡಿ. ಎಲ್ಲ ಮಗ್ಗಿಗಳಲ್ಲಿಯೂ ಸಮನಾಗಿ ತಪ್ಪುತ್ತೀರಾ, ಅಥವಾ 7 ಮತ್ತು 8ರ ಮಗ್ಗಿಯಲ್ಲಿಯೇ ಹೆಚ್ಚೋ?

ಆಟದಲ್ಲಿ ನಿಜವಲ್ಲದ್ದು: ಧೂಮಕೇತುಗಳು ಹೀಗೆ ಮಳೆಯಂತೆ ಸುರಿಯುವುದಿಲ್ಲ. ಅವು ಹಿಮ ಮತ್ತು ಧೂಳಿನ ಉಂಡೆಗಳು. ಸೂರ್ಯನನ್ನು ಸುತ್ತುತ್ತವೆ. ಹ್ಯಾಲಿ ಧೂಮಕೇತು 1986ರಲ್ಲಿ ಸೂರ್ಯನ ಸಮೀಪ ಬಂದಿತ್ತು. ಮತ್ತೆ ಬರುವುದು 2061ರಲ್ಲಿ. ಆಗ ನಿಮ್ಮ ವಯಸ್ಸು ಎಷ್ಟಿರುತ್ತದೆ? ಲೆಕ್ಕ ಹಾಕಿ.

ಆಟ 2: ಸೈಮನ್ ಟಾಥಮ್ ಅವರ ಒಗಟುಗಳು

ಇಂಗ್ಲೆಂಡಿನ ಸೈಮನ್ ಟಾಥಮ್ 2004ರಿಂದ ಒಂದೊಂದಾಗಿ ಬರೆಯುತ್ತ ಬಂದ ಒಗಟುಗಳ ಕಟ್ಟು ಇದು. ಸುಮಾರು ನಲವತ್ತು ಆಟಗಳಿವೆ. ಎಲ್ಲ ಸೇರಿದರೂ ಗಾತ್ರ ಕೆಲವೇ ಎಂಬಿ. ಚಿತ್ರಗಳು ತೀರ ಸಾದಾ. ಸದ್ದಿಲ್ಲ, ಜಾಹೀರಾತಿಲ್ಲ. ಇಂಗ್ಲಿಷ್ ಹೆಚ್ಚು ಬೇಕಿಲ್ಲ.

ಇದರಲ್ಲಿ ‘ಮೈನ್ಸ್’ ಎಂಬ ಆಟ ನೋಡಿ. ಮುಚ್ಚಿದ ಚೌಕಗಳಿವೆ. ಕೆಲವುಗಳ ಕೆಳಗೆ ಸಿಡಿಗುಂಡು ಅಡಗಿದೆ. ಚೌಕ ತೆರೆದಾಗ ಒಂದು ಅಂಕಿ ಕಾಣುತ್ತದೆ. ಸುತ್ತಲಿನ ಚೌಕಗಳಲ್ಲಿ ಎಷ್ಟು ಗುಂಡುಗಳಿವೆ ಎಂಬುದನ್ನು ಆ ಅಂಕಿ ಹೇಳುತ್ತದೆ.

ಮೂಲೆಯ ಚೌಕದಲ್ಲಿ 1 ಇದೆ ಎನ್ನಿ. ಮೂಲೆಯ ಚೌಕಕ್ಕೆ ಮೂರೇ ನೆರೆ. ಅವುಗಳಲ್ಲಿ ಎರಡು ಈಗಾಗಲೇ ತೆರೆದಿವೆ. ಹಾಗಾದರೆ ಗುಂಡು ಎಲ್ಲಿದೆ? ಉಳಿದ ಒಂದರಲ್ಲಿಯೇ! ಆ ಗುಂಡಿನ ಪಕ್ಕದ ಇನ್ನೊಂದು ಚೌಕದಲ್ಲಿಯೂ 1 ಇದ್ದರೆ, ಅದರ ಉಳಿದ ಮುಚ್ಚಿದ ನೆರೆಗಳೆಲ್ಲ ಸುರಕ್ಷಿತ. ನೋಡದೆಯೇ ನಮಗೆ ತಿಳಿಯಿತು. ಇದಕ್ಕೆ ತರ್ಕ ಎನ್ನುತ್ತಾರೆ.

ಹಳೆಯ ಗಣಕಗಳಲ್ಲಿದ್ದ ಇಂತಹುದೇ ಆಟದಲ್ಲಿ ಕೆಲವೊಮ್ಮೆ ಅದೃಷ್ಟ ನಂಬಿ ಒತ್ತಬೇಕಾಗುತ್ತಿತ್ತು. ಟಾಥಮ್ ಅವರ ಮೈನ್ಸ್ ಹಾಗಲ್ಲ. ಊಹೆಯಿಲ್ಲದೆ, ತರ್ಕದಿಂದಲೇ ಬಿಡಿಸಬಹುದಾದ ಹಾಗೆ ಗಣಕವು ಪ್ರತಿ ಸಲ ಗುಂಡುಗಳನ್ನು ಇಡುತ್ತದೆ. ಆದ್ದರಿಂದ ಒತ್ತುವ ಮೊದಲು ಗೆಳೆಯನಿಗೆ ಕಾರಣ ಹೇಳಿ. ಕಾರಣ ಹೇಳಲಾಗದಿದ್ದರೆ ಒತ್ತಬೇಡಿ.

ಆಟ 3: ಜಿಕಾಂಪ್ರಿ

ಫ್ರೆಂಚ್ ಭಾಷೆಯಲ್ಲಿ ‘ನನಗೆ ಅರ್ಥವಾಯಿತು’ ಎಂಬ ಮಾತಿನ ಮೇಲೆ ಕಟ್ಟಿದ ಹೆಸರಿದು. ಬ್ರೂನೋ ಕೂದ್ವಾ ಎಂಬವರು 2000ದಲ್ಲಿ ಆರಂಭಿಸಿದರು. ಇದರಲ್ಲಿ ನೂರಕ್ಕೂ ಹೆಚ್ಚು ಚಿಕ್ಕ ಚಟುವಟಿಕೆಗಳಿವೆ. ಒಂದೊಂದೂ ಚಿಕ್ಕದಾದರೂ ಕಟ್ಟು ದೊಡ್ಡದು, ನೂರು ಎಂಬಿ ಮೀರುತ್ತದೆ.

ಒಂದು ಚಟುವಟಿಕೆಯಲ್ಲಿ ಟಕ್ಸ್ ಪೆಂಗ್ವಿನ್ ಮೀನು ಹಿಡಿದು ಮನೆಗೆ ಬರುತ್ತದೆ. ಸ್ನಾನಕ್ಕೆ ನೀರಿಲ್ಲ! ನೀವು ಸೂರ್ಯನನ್ನು ಒತ್ತಬೇಕು. ನೀರು ಆವಿಯಾಗಿ ಮೋಡವಾಗುತ್ತದೆ. ಮೋಡ ಒತ್ತಿದರೆ ಮಳೆ. ಆಮೇಲೆ ನೀರೆತ್ತುವ ಘಟಕ, ಕೊಳೆನೀರು ಶುದ್ಧೀಕರಿಸುವ ಘಟಕ ನಡೆಸಬೇಕು. ಆಗ ಸ್ನಾನ.

ಇದನ್ನು ನಮ್ಮ ಮಲಪ್ರಭೆಯೊಂದಿಗೆ ಹೋಲಿಸಿ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಸವದತ್ತಿ ಸಮೀಪದ ನವಿಲುತೀರ್ಥದಲ್ಲಿ ಅಣೆಕಟ್ಟೆ. ಅಲ್ಲಿನ ರೇಣುಕಾಸಾಗರದಿಂದ ಹುಬ್ಬಳ್ಳಿ-ಧಾರವಾಡಕ್ಕೂ ಕುಡಿಯುವ ನೀರು ಹೋಗುತ್ತದೆ. ಆಟದ ಚಕ್ರಕ್ಕೂ ಇದಕ್ಕೂ ಹೋಲಿಕೆ ಇದೆ. ಆದರೆ ಆಟದಲ್ಲಿ ಮೋಡ ಒತ್ತಿದಾಗಲೆಲ್ಲ ಬೇಕಾದಷ್ಟೇ ಮಳೆ. ನಮ್ಮಲ್ಲಿ ಹಾಗೆ ಆಗುತ್ತದೆಯೇ? ಕೆಲವು ವರ್ಷ ಜಲಾಶಯ ತುಂಬುವುದಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ಪ್ರವಾಹ ರಾಮದುರ್ಗ ತಾಲ್ಲೂಕಿನ ಊರುಗಳಿಗೆ ನುಗ್ಗಿತ್ತು. ಬರ ಮತ್ತು ಪ್ರವಾಹ ಎರಡನ್ನೂ ಆ ಆಟ ಬಿಟ್ಟಿದೆ. ಆಟ ಸುಳ್ಳು ಹೇಳಿಲ್ಲ, ಆದರೆ ಎಲ್ಲವನ್ನೂ ಹೇಳಿಲ್ಲ.

ಇನ್ನೊಂದು ಚಟುವಟಿಕೆಯಲ್ಲಿ ನೌಕೆಯನ್ನು ಮೆಲ್ಲಗೆ ಇಳಿಸಬೇಕು. ಗುರುತ್ವ ಕೆಳಗೆ ಎಳೆಯುತ್ತದೆ. ಎಂಜಿನ್ ಮೇಲಕ್ಕೆ ತಳ್ಳುತ್ತದೆ. ವೇಗ ಹೆಚ್ಚಾದರೆ ನೌಕೆ ಒಡೆಯುತ್ತದೆ. 2019ರಲ್ಲಿ ಚಂದ್ರಯಾನ-2ರ ‘ವಿಕ್ರಮ್’ಗೆ ಮೆಲ್ಲಗೆ ಇಳಿಯಲಾಗಲಿಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಯಶಸ್ವಿಯಾಗಿ ಇಳಿಯಿತು. ಅಲ್ಲಿ ಪ್ಯಾರಾಚೂಟ್ ಏಕೆ ಬಳಸಲಿಲ್ಲ? ಯೋಚಿಸಿ.

ಆಟ 4: ಪೌಡರ್ ಟಾಯ್

ಇದು ಬಹಳ ವಿಚಿತ್ರ ಆಟ. ಗೆಲುವಿಲ್ಲ, ಸೋಲಿಲ್ಲ, ಅಂಕಗಳಿಲ್ಲ. ಖಾಲಿ ಪರದೆಯ ಮೇಲೆ ಮರಳು, ನೀರು, ಎಣ್ಣೆ, ಉಪ್ಪು, ಬೆಂಕಿ ಸುರಿಯಬಹುದು. ಏನಾಗುತ್ತದೆ ಎಂದು ನೋಡಬಹುದು. ಗಾತ್ರವೂ ಚಿಕ್ಕದು. ಪದಾರ್ಥಗಳ ಹೆಸರು ಇಂಗ್ಲಿಷಿನಲ್ಲಿವೆ. ಶಿಕ್ಷಕರು ಒಂದು ಪಟ್ಟಿ ಬರೆದುಕೊಟ್ಟರೆ ಸಾಕು.

ಮೊದಲು ಊಹೆ ಬರೆಯಿರಿ: ನೀರಿನ ಮೇಲೆ ಎಣ್ಣೆ ಸುರಿದರೆ ಮೇಲೆ ನಿಲ್ಲುವುದು ಯಾವುದು? ಆಮೇಲೆ ಸುರಿದು ನೋಡಿ. ಮನೆಯಲ್ಲಿ ಒಂದು ಲೋಟದಲ್ಲಿಯೂ ಮಾಡಿ ನೋಡಿ.

ಈಗ ಕಷ್ಟದ ಪ್ರಶ್ನೆ. ಆಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಆವಿಯಾಗುತ್ತದೆ. ಪಾಠದಲ್ಲಿಯೂ ಹಾಗೆಯೇ ಓದಿದ್ದೀರಿ. ಆದರೆ ಬೈಲಹೊಂಗಲದಲ್ಲಿ ಕುದಿಯುವ ನೀರಿಗೆ ಪ್ರಯೋಗಶಾಲೆಯ ತಾಪಮಾಪಕ ಇಟ್ಟರೆ ಅದು ಸುಮಾರು 98 ಡಿಗ್ರಿ ತೋರಿಸುತ್ತದೆ. ತಾಪಮಾಪಕ ಕೆಟ್ಟಿದೆಯೇ? ಇಲ್ಲ! ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಸಮುದ್ರಮಟ್ಟದಿಂದ 500 ಮೀಟರಿಗಿಂತ ಎತ್ತರದಲ್ಲಿವೆ. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕಡಿಮೆ. ಒತ್ತಡ ಕಡಿಮೆಯಾದರೆ ನೀರು ಬೇಗ ಕುದಿಯುತ್ತದೆ. ಸುಮಾರು 300 ಮೀಟರಿಗೆ 1 ಡಿಗ್ರಿ ಇಳಿಯುತ್ತದೆ. 100 ಡಿಗ್ರಿ ಎಂಬುದು ಸಮುದ್ರಮಟ್ಟದ ಮಾತು. ನಮ್ಮ ಊರಿನ ಎತ್ತರವನ್ನು ಆಟದ ನಿಯಮದಲ್ಲಿ ಯಾರೂ ಬರೆದಿಲ್ಲ.

ಆಟ ಒಂದು ಹೇಳಿ, ತಾಪಮಾಪಕ ಇನ್ನೊಂದು ಹೇಳಿದರೆ ಯಾವುದನ್ನು ನಂಬಬೇಕು? ತಾಪಮಾಪಕ ಸರಿಯಿದೆಯೇ ಎಂದು ಮೊದಲು ಪರೀಕ್ಷಿಸಿ. ಕರಗುತ್ತಿರುವ ಮಂಜುಗಡ್ಡೆಯಲ್ಲಿ ಅದು 0 ತೋರಿಸಬೇಕು. ಅದು ಸರಿಯಿದ್ದರೆ, ನಿಸರ್ಗದ ಮಾತೇ ಕೊನೆಯ ಮಾತು.

ಎಚ್ಚರಿಕೆ: ಕುದಿಯುವ ನೀರಿನ ಪ್ರಯೋಗವನ್ನು ಶಿಕ್ಷಕರೇ ಮಾಡಿ ತೋರಿಸಬೇಕು. ಜ್ವರ ನೋಡುವ ತಾಪಮಾಪಕವನ್ನು ಎಂದಿಗೂ ಬಿಸಿನೀರಿಗೆ ಇಡಬಾರದು, ಒಡೆಯುತ್ತದೆ. ಆಟದಲ್ಲಿ ಬೆಂಕಿ ಹಚ್ಚಿದ್ದನ್ನು ಮನೆಯಲ್ಲಿ ಮಾಡಬಾರದು.

ಇಳಿಸಿಕೊಳ್ಳುವಾಗ ನೆನಪಿಡಿ

1. ಶಿಕ್ಷಕರು ಅಥವಾ ಮನೆಯ ಹಿರಿಯರ ಜೊತೆ ಕುಳಿತೇ ಇಳಿಸಿಕೊಳ್ಳಿ.
2. ಆಟ ತಯಾರಿಸಿದವರ ಸ್ವಂತ ಜಾಲತಾಣದಿಂದಲೇ ತೆಗೆದುಕೊಳ್ಳಿ. ಅದೇ ಹೆಸರಿನ ನಕಲಿ ತಾಣಗಳಿರುತ್ತವೆ.
3. ಪುಟದಲ್ಲಿ ದೊಡ್ಡದಾಗಿ ಮಿನುಗುವ ಗುಂಡಿ ಜಾಹೀರಾತಾಗಿರಬಹುದು. ಅವಸರ ಬೇಡ.
4. ಹೆಸರು, ಫೋನ್ ನಂಬರ್, ಒಟಿಪಿ ಕೇಳಿದರೆ ಕೊಡಬೇಡಿ. ಈ ನಾಲ್ಕು ಆಟ ಆಡಲು ಅವು ಬೇಕಿಲ್ಲ.
5. ಪೆನ್‌ಡ್ರೈವ್ ಹಾಕಿದಾಗ ಮೊದಲು ವೈರಸ್ ಇದೆಯೇ ಎಂದು ಪರೀಕ್ಷಿಸಿ.
6. ಅರ್ಧ ಗಂಟೆ ಆಡಿದ ಮೇಲೆ ಎದ್ದು ದೂರದ ಮರ ನೋಡಿ. ಕಣ್ಣಿಗೆ ವಿಶ್ರಾಂತಿ ಬೇಕು.

ಗಣಕ ಇಲ್ಲವೇ? ಹೀಗೆ ಮಾಡಿ ನೋಡಿ

ಬೇಕಾಗುವ ವಸ್ತು: 4 ಕವಡೆ, ಅಥವಾ ಒಂದು ಬದಿ ತೇಯ್ದ 4 ಹುಣಸೆ ಬೀಜ.

ನಾಲ್ಕನ್ನೂ ಒಟ್ಟಿಗೆ 80 ಸಲ ಎಸೆಯಿರಿ. ಪ್ರತಿ ಸಲ ಎಷ್ಟು ಅಂಗಾತ ಬಿದ್ದವು ಎಂದು ಗೆರೆ ಹಾಕಿ ಎಣಿಸಿ. ಕವಡೆ ಅಂಗಾತ ಬೀಳುವುದೂ ಬೋರಲು ಬೀಳುವುದೂ ಸಮನಾಗಿದ್ದರೆ, 80 ಸಲದಲ್ಲಿ ಸುಮಾರು ಹೀಗೆ ಬರಬೇಕು: ಒಂದೂ ಇಲ್ಲ - 5 ಸಲ, ಒಂದು - 20, ಎರಡು - 30, ಮೂರು - 20, ನಾಲ್ಕೂ - 5. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರಾ. ಇವೆರಡೂ ಅಪರೂಪ. ಅದಕ್ಕೇ ಅವಕ್ಕೆ ಅಷ್ಟು ಬೆಲೆ!

ನಿಮ್ಮ ಎಣಿಕೆ ಇದಕ್ಕೆ ತಾಳೆಯಾಯಿತೇ? ಬಹಳ ವ್ಯತ್ಯಾಸ ಬಂದರೆ ಕಾರಣವೇನು? ಕವಡೆಯ ಎರಡು ಬದಿ ಒಂದೇ ಆಕಾರದಲ್ಲಿಲ್ಲ ಎಂಬುದನ್ನು ಗಮನಿಸಿ. ಗಣಕದಲ್ಲಿ ಚೌಕಾಬಾರ ಬರೆಯುವವರು ಎರಡೂ ಸಮ ಎಂದು ನಿಯಮ ಬರೆದುಬಿಡಬಹುದು. ನಿಮ್ಮ ಕೈಯ ಕವಡೆ ಆ ನಿಯಮ ಕೇಳುವುದಿಲ್ಲ.

ಉತ್ತರಿಸಿ

1. ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ 10 ಎಂಬಿಯ ಆಟ ಇಳಿಯಲು ಎಷ್ಟು ಸಮಯ ಬೇಕು?
2. ಚಂದ್ರನ ಮೇಲೆ ಪ್ಯಾರಾಚೂಟ್ ಏಕೆ ಕೆಲಸ ಮಾಡುವುದಿಲ್ಲ?
3. ಕಾರವಾರದಲ್ಲಿ ನೀರು ಕುದಿಯುವ ತಾಪಕ್ಕೂ ಕಿತ್ತೂರಿನಲ್ಲಿ ಕುದಿಯುವ ತಾಪಕ್ಕೂ ವ್ಯತ್ಯಾಸ ಏಕೆ?
4. ನೀವು ಆಡುವ ಯಾವುದಾದರೂ ಆಟದ ಮೂರು ನಿಯಮ ಬರೆಯಿರಿ. ಅವುಗಳಲ್ಲಿ ಒಂದನ್ನು ಬದಲಿಸಿ ಆಡಿ ನೋಡಿ. ಆಟ ಸುಲಭವಾಯಿತೇ, ಕಷ್ಟವಾಯಿತೇ?

ಶಿಕ್ಷಕರಿಗೆ: ಒಂದೇ ಗಣಕ ಇದ್ದರೂ ತೊಂದರೆಯಿಲ್ಲ. ನಾಲ್ವರ ಗುಂಪು ಮಾಡಿ. ಒಬ್ಬರು ಊಹೆ ಹೇಳಲಿ, ಒಬ್ಬರು ಗುಂಡಿ ಒತ್ತಲಿ, ಒಬ್ಬರು ಬರೆದುಕೊಳ್ಳಲಿ, ಒಬ್ಬರು ‘ಏಕೆ?’ ಎಂದು ಕೇಳಲಿ. ಹತ್ತು ನಿಮಿಷಕ್ಕೊಮ್ಮೆ ಕೆಲಸ ಬದಲಿಸಿ. ಗುಂಡಿ ಒತ್ತುವ ಸರದಿ ಹುಡುಗಿಯರಿಗೂ, ಹಿಂದಿನ ಸಾಲಿನವರಿಗೂ ತಪ್ಪದೆ ಸಿಗುವಂತೆ ನೋಡಿಕೊಳ್ಳಿ.