ಮುರಿದ ತೊಡೆಯೆಲುಬೂ ಅದರ ಚಿಕಿತ್ಸೆಯೂ

ಶರೀರಶಾಸ್ತ್ರದ ಪಾಠದಲ್ಲಿ ನಾವು ಎಲುಬುಗಳ ಹೆಸರುಗಳನ್ನು ಬಾಯಿಪಾಠವಾಗಿ ಒಪ್ಪಿಸುತ್ತೇವೆ. ಆದರೆ ಎಲುಬೊಂದು ಮುರಿದಾಗ ಅದರೊಡನೆ ಮತ್ತೇನೇನು ಮುರಿಯುವದೆಂಬುದನ್ನು ಪಾಠಪುಸ್ತಕವು ಹೇಳುವದಿಲ್ಲ. ಆದಕಾರಣ ತೊಡೆಯೆಲುಬೊಂದನ್ನೇ ತೆಗೆದುಕೊಂಡು, ಬಡದೇಶದಲ್ಲಿ ಅದರ ಚಿಕಿತ್ಸೆಯು ಹೇಗೆ ನಡೆಯುವದೆಂಬುದನ್ನು ಇಲ್ಲಿ ವಿಚಾರಿಸೋಣ. ದೃಷ್ಟಾಂತಕ್ಕಾಗಿ ಆಫ್ರಿಕಾಖಂಡದ ಮಲಾವಿ ದೇಶವನ್ನು ಆರಿಸಿಕೊಂಡಿದ್ದೇವೆ.

ನಮ್ಮ ಎಲುಬುಗಳಲ್ಲೆಲ್ಲಾ ತೊಡೆಯೆಲುಬೇ ಉದ್ದವಾದದ್ದು, ಬಲವಾದದ್ದು. ಪ್ರಾಯದವರಲ್ಲಿ ಅದು ಮುರಿಯಬೇಕಾದರೆ ದೊಡ್ಡ ಪೆಟ್ಟೇ ಬೀಳಬೇಕು. ಮಲಾವಿಯಲ್ಲಿ ಜನರು 'ಕಬಾಜಾ' ಎಂಬ ಬಾಡಿಗೆಯ ಸೈಕಲ್ಲು, ಮೋಟಾರುಸೈಕಲ್ಲುಗಳ ಮೇಲೆ ಸಂಚರಿಸುತ್ತಾರೆ. ಇಂಥ ಪೆಟ್ಟುಗಳು ಹೆಚ್ಚಾಗಿ ರಸ್ತೆಯಲ್ಲಿಯೇ ಬೀಳುತ್ತವೆ. ಎಲುಬು ಮುರಿದೊಡನೆ ಹೊರಗೆ ಒಂದು ಹನಿಯೂ ಕಾಣದೆ, ತೊಡೆಯೊಳಗೆ ಒಂದು ಲೀಟರಿನಷ್ಟು ರಕ್ತವು ಸೋರಬಹುದು. ಬಲವಾದ ಸ್ನಾಯುಗಳು ಕುಗ್ಗಿ ಮುರಿದ ತುದಿಗಳನ್ನು ಒಂದರ ಮೇಲೊಂದು ಎಳೆದುಕೊಳ್ಳುವದರಿಂದ ಕಾಲು ಗಿಡ್ಡವಾಗುವದು. ಆದುದರಿಂದ ಕಾಲನ್ನು ನೀಳವಾಗಿ ಎಳೆದು ಹಿಡಿಯುವದೇ ಮೊದಲ ಕೆಲಸ. ಲಿವರ್‌ಪೂಲಿನ ಹ್ಯೂ ಓವನ್ ಥಾಮಸರು 19ನೆಯ ಶತಮಾನದಲ್ಲಿ ರಚಿಸಿದ ಕಬ್ಬಿಣದ ಚೌಕಟ್ಟು ಇಷ್ಟನ್ನೇ ಮಾಡಿ, 1914–18ರ ಮಹಾಯುದ್ಧದಲ್ಲಿ ಅನೇಕ ಸೈನಿಕರ ಪ್ರಾಣವನ್ನುಳಿಸಿತು.

ಸಾಧನಗಳಿಲ್ಲದ ಆಸ್ಪತ್ರೆಗಳಲ್ಲಿ ನಡೆಯುವದು ತೂಕದ ಚಿಕಿತ್ಸೆ. ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಉಕ್ಕಿನ ಕಡ್ಡಿಯನ್ನು ತೂರಿಸಿ, ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ತುದಿಗೆ ತೂಕವನ್ನು ತೂಗಬಿಡುತ್ತಾರೆ. ಮಂಚದ ಕಾಲ್ದೆಸೆಯನ್ನು ಎತ್ತರಿಸಿದರೆ ರೋಗಿಯ ದೇಹಭಾರವೇ ಎದುರೆಳೆತವಾಗುವದು. ಹೀಗೆ ಆರು ವಾರ, ಎಷ್ಟೋ ಸಲ ಅದಕ್ಕಿಂತ ಹೆಚ್ಚುಕಾಲ, ಅಂಗಾತ ಮಲಗಿರಬೇಕು. ಬೆನ್ನಿನಲ್ಲಿ ಹಾಸಿಗೆಹುಣ್ಣು, ಮೊಣಕಾಲಿನ ಬಿಗುವು, ಎಲುಬು ಸೊಟ್ಟಗೆ ಕೂಡುವದು, ಇವು ಇದರ ತೊಡಕುಗಳು.

ಇಷ್ಟು ವಾರಗಳ ಕಾಲ ಆ ರೋಗಿಯನ್ನು ನೋಡಿಕೊಳ್ಳುವವರಾರು? ಮಲಾವಿಯ ಸರಕಾರೀ ಆಸ್ಪತ್ರೆಗಳಲ್ಲಿ ದಾದಿಯರು ಕಡಿಮೆ. ಮೈತೊಳೆಯುವದು, ಉಣಿಸುವದು, ಬಟ್ಟೆ ಒಗೆಯುವದು ಮನೆಯವರ ಪಾಲಿಗೆ ಬರುವದು. ಹೆಂಡತಿಯೋ ತಾಯಿಯೋ ಮಗಳೋ ಆಸ್ಪತ್ರೆಯ ಅಂಗಳದಲ್ಲಿ ಒಲೆಹೂಡಿ ಕಾದಿರುತ್ತಾಳೆ. ಬಿತ್ತನೆಯ ಕಾಲದಲ್ಲಿ ತಂದೆಯ ಕಾಲು ಮುರಿದರೆ ಜೋಳದ ಹೊಲವು ಪಾಳುಬೀಳುವದು; ಆರೈಕೆಗೆ ಹೋದ ಮಗಳ ಪಾಠವು ನಿಂತುಹೋಗುವದು. ಮುರಿದದ್ದು ಒಬ್ಬನ ಎಲುಬು. ಮಲಗಿದ್ದು ಇಡೀ ಮನೆತನ.

ಇದಕ್ಕೆ ಬೇರೊಂದು ಉಪಾಯವುಂಟು. 1939ರಲ್ಲಿ ಜರ್ಮನಿಯ ಗೆರ್ಹಾರ್ಡ್ ಕ್ಯುಂಟ್ಷರರು ಎಲುಬಿನೊಳಗಣ ಮಜ್ಜೆಯ ಪೊಳ್ಳಿನಲ್ಲಿ ಉಕ್ಕಿನ ಸಲಾಕೆಯನ್ನು ಇಳಿಸಿ ತುಂಡುಗಳನ್ನು ನಿಲ್ಲಿಸಿದರು. ಈಗ ಆ ಸಲಾಕೆಗೆ ಅಡ್ಡವಾಗಿ ತಿರುಪುಮೊಳೆಗಳನ್ನೂ ಹಾಕುತ್ತಾರೆ. ಹೀಗೆ ಮಾಡಿಸಿಕೊಂಡ ರೋಗಿಯು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಊರುಗೋಲು ಹಿಡಿದು ಏಳುವನು. ಆದರೆ ಒಳಗಿರುವ ಸಲಾಕೆಯ ರಂಧ್ರವನ್ನು ಹುಡುಕಲು, ಶಸ್ತ್ರಕ್ರಿಯೆ ನಡೆಯುತ್ತಿರುವಾಗಲೇ ಎಲುಬನ್ನು ತೋರಿಸುವ ಬೆಲೆಯುಳ್ಳ ಕ್ಷಕಿರಣಯಂತ್ರವು ಬೇಕಾಗಿತ್ತು. ಅಮೇರಿಕದ ವೈದ್ಯರಾದ ಲೂಯಿಸ್ ಜರ್ಕಲರು 1999ರಲ್ಲಿ ಸ್ಥಾಪಿಸಿದ 'ಸೈನ್' ಸಂಸ್ಥೆಯ ಸಲಾಕೆಗೆ ಆ ಯಂತ್ರದ ಹಂಗಿಲ್ಲ. ಹೊರತುದಿಗೆ ಸಿಕ್ಕಿಸಿದ ಅಳತೆಯ ತೋಳೊಂದು ಒಳಗಿನ ರಂಧ್ರದ ನೆಲೆಯನ್ನು ತೋರಿಸಿಕೊಡುವದು. ಸಂಸ್ಥೆಯು ಸಲಾಕೆಗಳನ್ನು ದಾನವಾಗಿ ಕೊಟ್ಟು, ಪ್ರತಿಯಾಗಿ ಪ್ರತಿ ರೋಗಿಯ ಕ್ಷಕಿರಣಚಿತ್ರವನ್ನೂ ವರದಿಯನ್ನೂ ಕೇಳುತ್ತದೆ. ಮಲಾವಿಯಲ್ಲಿಯೂ ಇದು ಬಳಕೆಗೆ ಬಂದಿದೆ.

ಹಗ್ಗ, ತೂಕಗಳಿಗೆ ಖರ್ಚು ಅಲ್ಪ, ಸಲಾಕೆಗೆ ಬಹಳವೆಂದು ಮೇಲ್ನೋಟಕ್ಕೆ ತೋರುವದು. ಆದರೆ ಮಂಚದ ಮೇಲೆ ಕಳೆದ ದಿನಗಳನ್ನೂ ಕಳೆದುಹೋದ ಕೂಲಿಯನ್ನೂ ಕೂಡಿಸಿ ನೋಡಿದರೆ ಅಗ್ಗದ ಚಿಕಿತ್ಸೆಯೇ ದುಬಾರಿಯಾಗಿ ಕಾಣುವದು. ಹಾಗೆಂದು ತೂಕದ ಚಿಕಿತ್ಸೆಯನ್ನು ಹಳಿಯಬಾರದು. ಎಳೆಯ ಮಕ್ಕಳ ಎಲುಬು ಬೇಗ ಕೂಡುವದರಿಂದ ಅವರಿಗೆ ಅದು ಇಂದಿಗೂ ಒಳ್ಳೆಯದು. ನುರಿತ ಕೈಯೂ ಶುಚಿಯಾದ ಶಸ್ತ್ರಕ್ರಿಯಾಗೃಹವೂ ಇಲ್ಲದೆಡೆಯಲ್ಲಿ ಸಲಾಕೆಯು ಕೀವಿಗೆ ದಾರಿಯಾದೀತು.

ಪ್ರಿಯ ವಿದ್ಯಾರ್ಥಿನಿಯರೇ, ತೊಡೆಯೆಲುಬು ಮುರಿದವರನ್ನು ಎಲ್ಲಿಯಾದರೂ ಕಂಡರೆ ಹೀಗೆ ಮಾಡಿರಿ. ಅವರನ್ನು ನಿಲ್ಲಿಸಬೇಡಿರಿ, ಕಾಲನ್ನು ತಿಕ್ಕಬೇಡಿರಿ. ಗಾಯವಿದ್ದರೆ ಶುಭ್ರವಾದ ಬಟ್ಟೆಯಿಂದ ಮುಚ್ಚಿರಿ. ಹೊರಬಂದ ಎಲುಬನ್ನು ಒಳಕ್ಕೆ ನೂಕಬೇಡಿರಿ. ಎರಡು ಕಾಲುಗಳ ನಡುವೆ ಮಡಿಸಿದ ಬಟ್ಟೆಯನ್ನಿಟ್ಟು, ಮುರಿದ ಕಾಲನ್ನು ಒಳ್ಳೆಯ ಕಾಲಿಗೆ ಸೇರಿಸಿ, ಮುರಿದ ಜಾಗವನ್ನು ಬಿಟ್ಟು ಮೇಲೂ ಕೆಳಗೂ ಕಟ್ಟಿರಿ. ಕಾಲ್ಬೆರಳುಗಳು ತಣ್ಣಗಾದರೆ ಅಥವಾ ನೀಲಿಗಟ್ಟಿದರೆ ಕಟ್ಟನ್ನು ಸಡಿಲಿಸಿರಿ. ತಿನ್ನಲಿಕ್ಕೂ ಕುಡಿಯಲಿಕ್ಕೂ ಏನನ್ನೂ ಕೊಡದೆ, ಹೊದಿಸಿ, ಹಲಗೆಯ ಮೇಲೆ ಮಲಗಿಸಿ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಮುಂದೆ ನಿಮ್ಮಲ್ಲಿ ಕೆಲವರು ದಾದಿಯರೂ ವೈದ್ಯರೂ ಆಗುವಿರಿ. ಆಗ ಮಂಚದ ಮೇಲಿರುವವನನ್ನು ವಿಚಾರಿಸಿದ ಬಳಿಕ, ಅಂಗಳದಲ್ಲಿ ಒಲೆಯುರಿಸುತ್ತಾ ಕುಳಿತಿರುವ ಹುಡುಗಿಯನ್ನೂ ಒಂದು ಮಾತು ಕೇಳಿರಿ: ನಿನ್ನ ಶಾಲೆ ತಪ್ಪಿ ಎಷ್ಟು ದಿನವಾಯಿತು?