ಒಡೆದ ಗೋಡೆ ಎಲ್ಲಿಗೆ ಹೋಗುತ್ತದೆ?



ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟುವುದನ್ನು ನೀವು ನೋಡಿರಬಹುದು. ನಾನು ಭೇಟಿ ಕೊಟ್ಟ ಒಂದು ಶಾಲೆಯಲ್ಲಿ ಹೀಗೆಯೇ ಹೊಸ ಕೊಠಡಿ ಎದ್ದಿತ್ತು. ಆದರೆ ಹಳೆಯ ಕೊಠಡಿಯ ಇಟ್ಟಿಗೆ, ಗಾರೆ, ಹೆಂಚಿನ ಚೂರುಗಳನ್ನು ಹಿಂದಿನ ಚರಂಡಿಗೆ ಸುರಿದಿದ್ದರು. ಮೊದಲ ದೊಡ್ಡ ಮಳೆಗೇ ಚರಂಡಿ ಕಟ್ಟಿಕೊಂಡು ಹೊಸ ಕೊಠಡಿಯೊಳಗೆ ನೀರು ನುಗ್ಗಿತು! ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸರ್, ಒಂದು ಕೊಠಡಿಗೇ ಹೀಗಾದರೆ, ದೊಡ್ಡ ಪಟ್ಟಣದಲ್ಲಿ ಒಡೆದ ಮನೆಗಳನ್ನೆಲ್ಲ ಎಲ್ಲಿ ಹಾಕುತ್ತಾರೆ?"

ಒಳ್ಳೆಯ ಪ್ರಶ್ನೆ ಅಲ್ಲವೆ? ಉತ್ತರ ಹುಡುಕಲು ಮುಂಬೈ ನಗರಕ್ಕೆ ಹೋಗೋಣ. ನಿಮ್ಮಲ್ಲಿ ಕೆಲವರ ಬಂಧುಗಳೂ ಅಲ್ಲಿರಬಹುದು.

ಒಂದು ಗೋಡೆಯ ತೂಕ ಎಷ್ಟು?

ಮೊದಲು ಸಣ್ಣ ಲೆಕ್ಕ ಮಾಡೋಣ. 3 ಮೀಟರ್ ಉದ್ದ, 3 ಮೀಟರ್ ಎತ್ತರ, 0.2 ಮೀಟರ್ ದಪ್ಪದ ಇಟ್ಟಿಗೆ ಗೋಡೆಯ ಘನಫಲ 1.8 ಘನ ಮೀಟರ್. ಒಂದು ಘನ ಮೀಟರ್ ಇಟ್ಟಿಗೆ ಕಟ್ಟಡ ಸುಮಾರು 1,900 ಕಿಲೋಗ್ರಾಂ ತೂಗುತ್ತದೆ. ಹಾಗಾದರೆ ಈ ಒಂದೇ ಗೋಡೆ 3,400 ಕಿಲೋಗ್ರಾಂಗಿಂತ ಹೆಚ್ಚು! ಒಂದು ಮನೆಗೆ ಎಷ್ಟು ಗೋಡೆ? ಒಂದು ಬೀದಿಗೆ ಎಷ್ಟು ಮನೆ? ನೀವೇ ಊಹಿಸಿ.

ನೀರಿನ ಜಾಗಕ್ಕೆ ಕಲ್ಲು ಸುರಿದರೆ

ಮುಂಬೈ ಮೊದಲು ಏಳು ದ್ವೀಪಗಳಾಗಿತ್ತು. 18 ಮತ್ತು 19ನೆಯ ಶತಮಾನಗಳಲ್ಲಿ ದ್ವೀಪಗಳ ನಡುವಿನ ಆಳವಿಲ್ಲದ ನೀರಿಗೆ ಮಣ್ಣು, ಕಲ್ಲು ತುಂಬಿ ಅವುಗಳನ್ನು ಜೋಡಿಸಿದರು. ಈಗ ಅಲ್ಲಿ ಖಾಲಿ ಜಾಗ ಬಹಳ ಕಡಿಮೆ. ಹೊಸ ಕಟ್ಟಡ ಬೇಕೆಂದರೆ ಹಳೆಯದನ್ನು ಕೆಡವಬೇಕು. ಕೆಡವಿದ ರಾಶಿಯನ್ನು ಕೆಲವರು ಕದ್ದುಮುಚ್ಚಿ ನದಿಯ ದಡದಲ್ಲಿ, ಕಾಂಡ್ಲಾ ಗಿಡಗಳ ಜೌಗಿನಲ್ಲಿ ಸುರಿದು ಹೋಗುತ್ತಾರೆ.

'ಹಿಂದೆ ನೀರನ್ನು ತುಂಬಿಯೇ ಊರು ಕಟ್ಟಿದರಲ್ಲ, ಈಗ ತುಂಬಿದರೆ ಏನು ತಪ್ಪು?' ಎಂದು ನೀವು ಕೇಳಬಹುದು. ಮಳೆನೀರಿಗೂ ಹರಿಯಲು ದಾರಿ ಬೇಕು. ಮುಂಬೈಯ ಮೀಠಿ ನದಿಯ ಉದ್ದ ಸುಮಾರು 18 ಕಿಲೋಮೀಟರ್. ಒತ್ತುವರಿಯಿಂದಲೂ ಸುರಿದ ಕಸದಿಂದಲೂ ಅದರ ಪಾತ್ರ ಕಿರಿದಾಗಿತ್ತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ಹೊತ್ತಿಗೆ ಕಡಲಿನಲ್ಲಿ ಉಬ್ಬರ. ನೀರು ಹೋಗಲು ದಾರಿಯಿಲ್ಲದೆ ಊರೊಳಗೆ ನುಗ್ಗಿತು. ನೂರಾರು ಜನ ಪ್ರಾಣ ಕಳೆದುಕೊಂಡರು.

ಕಾಂಡ್ಲಾ ಗಿಡಗಳಿಗೂ ತೊಂದರೆ. ಜೌಗಿನ ಕೆಸರಿನಲ್ಲಿ ಆಮ್ಲಜನಕ ತೀರ ಕಡಿಮೆ. ಆದ್ದರಿಂದ ಕೆಲವು ಜಾತಿಯ ಗಿಡಗಳು ಪೆನ್ಸಿಲ್ ನೆಟ್ಟಂತೆ ಬೇರುಗಳನ್ನು ಮೇಲಕ್ಕೆ ಕಳುಹಿಸಿ ಉಸಿರಾಡುತ್ತವೆ. ಇವು ಉಸಿರಾಟದ ಬೇರುಗಳು. ಇವುಗಳ ಮೇಲೆ ಗಾರೆ, ಕಲ್ಲು ಬಿದ್ದರೆ ಗಿಡ ಉಸಿರುಕಟ್ಟಿ ಸಾಯುತ್ತದೆ. ಅಲೆಗಳ ಹೊಡೆತದಿಂದ ದಡವನ್ನು ಕಾಯುವ ಬೇಲಿಯೇ ಹೋದಂತಾಗುತ್ತದೆ.

ಬೆರೆತರೆ ಕಸ, ಬೇರೆ ಮಾಡಿದರೆ ಸರಕು

ಹಾಗಾದರೆ ಪರಿಹಾರವೇನು? ಒಡೆದ ಗೋಡೆಯನ್ನು ಮತ್ತೆ ಜಲ್ಲಿ, ಮರಳನ್ನಾಗಿ ಮಾಡುವುದು! ಅದು ಹೀಗೆ ನಡೆಯುತ್ತದೆ:

1. ಕೆಡವುವ ಜಾಗದಲ್ಲೇ ಬಾಗಿಲು, ಕಿಟಕಿ, ಇಡೀ ಇಟ್ಟಿಗೆ, ಹೆಂಚುಗಳನ್ನು ಬೇರೆ ಇಡುತ್ತಾರೆ. ಇವನ್ನು ಹಾಗೆಯೇ ಮತ್ತೆ ಬಳಸಬಹುದು.
2. ಉಳಿದದ್ದು ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಯಂತ್ರದ ದವಡೆಗಳು ಕಾಂಕ್ರೀಟನ್ನು ಪುಡಿಮಾಡುತ್ತವೆ.
3. ದೊಡ್ಡ ಅಯಸ್ಕಾಂತ ಕಬ್ಬಿಣದ ತುಂಡುಗಳನ್ನು ಸೆಳೆದುಕೊಳ್ಳುತ್ತದೆ.
4. ಕಣದಲ್ಲಿ ಭತ್ತ ತೂರಿದಾಗ ಜೊಳ್ಳು ಹಾರುವಂತೆ, ಗಾಳಿ ಹಾಯಿಸಿ ಕಾಗದ, ಪ್ಲಾಸ್ಟಿಕ್ ಚೂರುಗಳನ್ನು ಬೇರ್ಪಡಿಸುತ್ತಾರೆ.
5. ಜರಡಿ ಹಿಡಿಯುತ್ತಾರೆ. 4.75 ಮಿಲಿಮೀಟರ್ ಜರಡಿಯಲ್ಲಿ ಇಳಿದದ್ದು ಮರಳಿನಂತೆ, ನಿಂತದ್ದು ಜಲ್ಲಿಯಂತೆ ಉಪಯೋಗಕ್ಕೆ ಬರುತ್ತದೆ.

ದೆಹಲಿಯ ಬುರಾರಿಯಲ್ಲಿ ಇಂಥ ಕಾರ್ಖಾನೆ 2009ರಲ್ಲೇ ಆರಂಭವಾಯಿತು. ಮುಂಬೈಯ ಕಟ್ಟಡ ತ್ಯಾಜ್ಯಕ್ಕಾಗಿ ದಹಿಸರ್ ಮತ್ತು ಶೀಳ್ ಫಾಟಾಗಳಲ್ಲಿ ದಿನಕ್ಕೆ ತಲಾ 600 ಟನ್ ಸಾಮರ್ಥ್ಯದ ಎರಡು ಕಾರ್ಖಾನೆಗಳು 2024ರಲ್ಲಿ ಕೆಲಸ ಶುರು ಮಾಡಿದವು. ಹೊಸ ಜಲ್ಲಿಗಾಗಿ ಬೆಟ್ಟ ಒಡೆಯುವುದು, ಮರಳಿಗಾಗಿ ನದಿ ಬಗೆಯುವುದು ಇದರಿಂದ ಅಷ್ಟು ಕಡಿಮೆಯಾಗುತ್ತದೆ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಹೊಸ ಜಲ್ಲಿಕಲ್ಲು, ಇಟ್ಟಿಗೆ ಚೂರು, ಹಳೆಯ ಗಾರೆ ಅಂಟಿದ ಕಲ್ಲು, ತಕ್ಕಡಿ, ಬಕೆಟ್, ನೀರು, ಬಟ್ಟೆ.

ಮೂರನ್ನೂ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಬೇರೆ ಬೇರೆಯಾಗಿ ತೂಗಿ ಬರೆದಿಡಿ. ಒಂದು ದಿನ ನೀರಿನಲ್ಲಿ ನೆನೆಸಿ. ಮೇಲಿನ ನೀರನ್ನು ಬಟ್ಟೆಯಿಂದ ಒರೆಸಿ ಮತ್ತೆ ತೂಗಿ. ಉದಾಹರಣೆಗೆ, 500 ಗ್ರಾಂ ಇಟ್ಟಿಗೆ ಚೂರು 575 ಗ್ರಾಂ ಆದರೆ ಅದು ಶೇಕಡ 15ರಷ್ಟು ನೀರು ಹೀರಿದೆ ಎಂದರ್ಥ.

ಯಾವುದು ಹೆಚ್ಚು ಹೀರಿತು? ಜಲ್ಲಿಕಲ್ಲಿಗಿಂತ ಇಟ್ಟಿಗೆ ಹೆಚ್ಚು ಹೀರಿರುತ್ತದೆ. ಗಾರೆ ಅಂಟಿದ ಕಲ್ಲೂ ಹೊಸ ಕಲ್ಲಿಗಿಂತ ಹೆಚ್ಚು ಹೀರುತ್ತದೆ. ಗಾರೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುವುದೇ ಇದಕ್ಕೆ ಕಾರಣ. ಒಡೆದ ಕಾಂಕ್ರೀಟಿನ ಜಲ್ಲಿಗೂ ಹಳೆಯ ಗಾರೆ ಅಂಟಿರುವುದರಿಂದ ಅದನ್ನು ಎಲ್ಲ ಕಡೆ ಪೂರ್ತಿಯಾಗಿ ಬಳಸುವುದಿಲ್ಲ. 2016ರ ಭಾರತೀಯ ಮಾನಕದ ಪ್ರಕಾರ ಸರಳಿಲ್ಲದ ಕಾಂಕ್ರೀಟಿನ ಜಲ್ಲಿಯಲ್ಲಿ ಶೇಕಡ 25ರವರೆಗೆ, ಸರಳು ಹಾಕಿದ ಸಾಧಾರಣ ಬಲದ ಕಾಂಕ್ರೀಟಿನಲ್ಲಿ ಶೇಕಡ 20ರವರೆಗೆ ಇದನ್ನು ಸೇರಿಸಬಹುದು.

*ಎಚ್ಚರಿಕೆ: ಕೆಡವುತ್ತಿರುವ ಕಟ್ಟಡದ ಹತ್ತಿರ ಹೋಗಬೇಡಿ. ಹಳೆಯ ಸಿಮೆಂಟ್ ಶೀಟುಗಳನ್ನು ಮುಟ್ಟಬೇಡಿ, ಒಡೆಯಬೇಡಿ. ಅವುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ.*

ನಾವೇನು ಮಾಡಬಹುದು?

ಕಟ್ಟಡ ತ್ಯಾಜ್ಯವನ್ನು ರಸ್ತೆಗೆ, ಚರಂಡಿಗೆ ಸುರಿಯಬಾರದು, ಬಗೆಬಗೆಯಾಗಿ ಬೇರ್ಪಡಿಸಬೇಕು ಎಂಬ ನಿಯಮ ನಮ್ಮ ದೇಶದಲ್ಲಿ 2016ರಲ್ಲೇ ಬಂದಿದೆ. ಆದರೆ ಬೇರ್ಪಡಿಸುವ ಕೆಲಸ ಮನೆಯಂಗಳದಲ್ಲೇ ಮೊದಲಾಗಬೇಕು. ಗಾರೆ, ಪ್ಲಾಸ್ಟಿಕ್, ಅಡುಗೆಮನೆಯ ಕಸ ಒಂದಾಗಿ ಬೆರೆತ ಮೇಲೆ ಯಾವ ಯಂತ್ರಕ್ಕೂ ಅದು ಕಷ್ಟವೇ.

ಆ ಶಾಲೆಯ ಕಥೆ ಏನಾಯಿತು ಎಂದಿರಾ? ಊರಿನ ಹಿರಿಯರು ಸೇರಿ ಚರಂಡಿಯನ್ನು ತೆರವು ಮಾಡಿದರು. ಇಡೀ ಇಟ್ಟಿಗೆಗಳು ಕೈತೋಟದ ಅಂಚುಕಟ್ಟಾದವು. ಚೂರುಗಳು ಗೇಟಿನ ಬಳಿಯ ಕೆಸರುಗುಂಡಿಯನ್ನು ತುಂಬಿದವು. ಮುಂದಿನ ಮಳೆಗೆ ನೀರು ತನ್ನ ದಾರಿಯಲ್ಲೇ ಹರಿಯಿತು.

ಯೋಚಿಸಿ, ಉತ್ತರಿಸಿ

1. ನಿಮ್ಮ ತರಗತಿಯ ಒಂದು ಗೋಡೆಯನ್ನು ಅಳೆದು ಅದರ ತೂಕವನ್ನು ಅಂದಾಜು ಮಾಡಿ.
2. ಕಾಂಡ್ಲಾ ಗಿಡದ ಬೇರುಗಳು ಮೇಲಕ್ಕೆ ಏಕೆ ಬರುತ್ತವೆ?
3. ನಿಮ್ಮ ಊರಿನಲ್ಲಿ ಮಳೆನೀರು ಯಾವ ದಾರಿಯಲ್ಲಿ ಹರಿಯುತ್ತದೆ? ನಕ್ಷೆ ಬರೆಯಿರಿ. ಆ ದಾರಿಯಲ್ಲಿ ಎಲ್ಲಾದರೂ ಗಾರೆ, ಕಲ್ಲಿನ ರಾಶಿ ಇದ್ದರೆ ಗುರುತಿಸಿ ನಿಮ್ಮ ಶಿಕ್ಷಕರಿಗೆ ತೋರಿಸಿ.