ಬಿಸಿಲು, ಬಂಗುಡೆ, ಬಿಯರ್

ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ ಯಾರನ್ನೇ ಕೇಳಿ, ಗೋವಾ ಅಂದರೆ ಬಾಗಾ, ಕಲಂಗುಟ್ ಎನ್ನುತ್ತಾರೆ. ನನ್ನ ಮತ ಪಾಲೋಲೆಮ್‌ಗೆ. ಸಂಜೆ ಸಿಟಿ ಸ್ಟೇಷನ್ನಿನಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಕಾರವಾರ. ಅಲ್ಲಿಂದ ಕಾಳಿ ನದಿ ದಾಟಿ, ಮಾಜಾಳಿ ಚೆಕ್‌ಪೋಸ್ಟ್ ಕಳೆದರೆ ಪಾಲೋಲೆಮ್ ಇರುವ ಕಾಣಕೋಣ ತಾಲ್ಲೂಕು ಬಂದೇಬಿಟ್ಟಿತು. ಗದ್ದಲ ಕಡಿಮೆ, ಮೀನು ತಾಜಾ, ಜೊತೆಗೆ ಕನ್ನಡ ನಡೆಯುತ್ತದೆ.

ನಡೆಯುತ್ತದೆ ಎಂದದ್ದು ಸುಮ್ಮನೆ ಅಲ್ಲ. ಅಲ್ಲಿನ ಕಡಲಂಚಿನ ಗುಡಿಸಲು-ಹೋಟೆಲು, ಅಂದರೆ ಶ್ಯಾಕ್‌ವೊಂದರಲ್ಲಿ ನಮ್ಮ ಟೇಬಲ್ಲಿಗೆ ಬಂದ ಹುಡುಗ ಹಾವೇರಿ ಕಡೆಯವನು. ನಾವು ಮೂವರೂ ಮಾತಾಡುವುದನ್ನು ಕೇಳಿಸಿಕೊಂಡೇ, “ಬೆಂಗಳೂರೇನ್ರಿ ಸರ?” ಅಂದ. ಇಲ್ಲಿಯದೇ ಬಿಯರ್ ಯಾವುದಿದೆಯಪ್ಪ ಎಂದಾಗ ಎರಡು ಹೆಸರು ಹೇಳಿದ: ಬೀಚ್ ಶ್ಯಾಕ್, ಏಟ್ ಫಿಂಗರ್ ಎಡ್ಡಿ. ಎಡ್ಡಿ ಎಂಬಾತ 2010ರಲ್ಲಿ ತೀರಿಕೊಂಡ ಗೋವಾದ ಹಳೆಯ ಹಿಪ್ಪಿ. ಅವನ ಹೆಸರಿಟ್ಟುಕೊಂಡಿರುವುದು ಗೋವಾ ಬ್ರೂಯಿಂಗ್ ಕಂಪನಿಯ ಬಿಯರ್. ಬೀಚ್ ಶ್ಯಾಕ್ ಮಾತ್ರ ನಮ್ಮ ನೆಂಟನೇ. ಅದನ್ನು ತಯಾರಿಸುವ ಆರ್ಬರ್ ಕಂಪನಿ ಭಾರತದಲ್ಲಿ ಮೊದಲು ಬಾಗಿಲು ತೆರೆದದ್ದು 2012ರಲ್ಲಿ, ಬೆಂಗಳೂರಿನ ಮಾಗ್ರತ್ ರಸ್ತೆಯಲ್ಲಿ. ರಾತ್ರಿಯಿಡೀ ರೈಲಿನಲ್ಲಿ ಕೂತು ಬಂದವರಿಗೆ ಸಿಕ್ಕ ‘ಇಲ್ಲಿಯದೇ’ ಬಿಯರು ಇದು!

ಹಾಗೆ ನೋಡಿದರೆ ಗೋವಾ ಸಮುದ್ರದಂಡೆಯ ಯಾವ ಕ್ರಾಫ್ಟ್ ಬಿಯರೂ ಪೂರ್ತಿ ಆ ನೆಲದ್ದಲ್ಲ. ಕಹಿ ಮತ್ತು ಘಮ ಕೊಡುವ ಹಾಪ್ಸ್ ಬಳ್ಳಿಗೆ ಚಳಿಗಾಲದ ನಿದ್ದೆ ಬೇಕು, ಬೇಸಿಗೆಯಲ್ಲಿ ಉದ್ದನೆಯ ಹಗಲು ಬೇಕು. ಗೋವಾದಲ್ಲಿ ಅವೆರಡೂ ಇಲ್ಲ. ಬಾರ್ಲಿಯೂ ಹೊರಗಿನಿಂದಲೇ ಬರಬೇಕು. ಹತ್ತಿರದಲ್ಲಿ ತಯಾರಾದ ಬಿಯರಿನಿಂದ ಸಿಗುವ ನಿಜವಾದ ಲಾಭ ತಾಜಾತನ ಒಂದೇ. ಅಂಗಡಿಯಲ್ಲಿ ಕಣ್ಣೆದುರೇ ಹುರಿದು ಬೀಸಿಸಿಕೊಂಡ ಕಾಫಿಪುಡಿ ದಿನ ಕಳೆದಂತೆ ಘಮ ಬಿಡುವ ಹಾಗೆ, ಐಪಿಎ ಎಂಬ ಕಹಿ ಬಿಯರಿನ ಹಾಪ್ಸ್ ಘಮವೂ ಸೊರಗುತ್ತದೆ. ಸೆಕೆಯಲ್ಲಿ ಇನ್ನೂ ಬೇಗ. ಆದ್ದರಿಂದ ಬ್ರ್ಯಾಂಡ್ ಯಾವುದೆಂದು ನೋಡುವ ಮೊದಲು ಕ್ಯಾನ್ ತಿರುಗಿಸಿ ತುಂಬಿದ ತಾರೀಕು ನೋಡುವುದು ನನಗೆ ರೂಢಿಯಾಗಿದೆ. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಈ ಕಷ್ಟವಿಲ್ಲ. ಗಾಜಿನ ಹಿಂದೆ ಕಾಣುವ ಟ್ಯಾಂಕಿನಿಂದಲೇ ಲೋಟಕ್ಕೆ ಬರುತ್ತದೆ. ಬಿಯರಿಗಾಗಿಯೇ ಗೋವಾಕ್ಕೆ ಹೋಗುವೆನೆಂದರೆ, ಸ್ವಾಮಿ, ಆ ಟಿಕೆಟ್ ದುಡ್ಡು ದಂಡ.

ತಾರೀಕಿನಷ್ಟೇ ಮುಖ್ಯ ಬಿಸಿಲು. ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ಅಂಶ ಒಡೆದು, ಸುಟ್ಟ ರಬ್ಬರಿನಂಥ ನಾತ ಹುಟ್ಟುತ್ತದೆ. ಹಸಿರು ಅಥವಾ ಬಿಳಿ ಬಾಟಲಿಯಾದರೆ ಕೆಲವೇ ನಿಮಿಷ ಸಾಕು. ಕಂದು ಬಾಟಲಿ ತುಸು ತಡೆಯುತ್ತದೆ, ಕ್ಯಾನ್ ಪೂರ್ತಿ ತಡೆಯುತ್ತದೆ. ನಾವು ಕೂತಿದ್ದ ಶ್ಯಾಕ್‌ನಲ್ಲಿ ಗಾಜಿನ ಬಾಗಿಲಿನ ಫ್ರಿಜ್ಜು ಸಮುದ್ರಕ್ಕೆ ಮುಖ ಮಾಡಿ ನಿಂತಿತ್ತು. ಮಧ್ಯಾಹ್ನದ ಬಿಸಿಲು ನೇರ ಮೇಲಿನ ಸಾಲಿನ ಬಾಟಲಿಗಳ ಮೇಲೆ. ಹಾವೇರಿ ಹುಡುಗ ಆ ಕಡೆ ಕೈ ಚಾಚಲೇ ಇಲ್ಲ. ಹಿಂದೆ ಹೋಗಿ, ಥರ್ಮಾಕೋಲ್ ಡಬ್ಬಿಯ ಐಸಿನೊಳಗೆ ಮೊಣಕೈವರೆಗೆ ಕೈಯಿಳಿಸಿ ತಳದ ಕ್ಯಾನ್ ಎತ್ತಿಕೊಂಡು ಬಂದ. “ಮುಂದಿನವು ಬಿಸ್ಲಿಗೆ ಕೆಟ್ಟಿರ್ತಾವ್ರಿ ಸರ, ಅವನ್ನ ಫಾರಿನ್‌ನವರಿಗೆ ಕೊಡ್ತೀವಿ,” ಎಂದು ನಕ್ಕ. ಟಿಪ್ಸ್ ಅಲ್ಲಿಗೇ ಖಾತ್ರಿಯಾಯಿತು.

ರುಚಿ ನೋಡಬೇಕೆಂದರೆ ಒಂದು ಕ್ಯಾನನ್ನು ಮೂವರು ಹಂಚಿಕೊಳ್ಳಬೇಕು. ಇಡೀ ಕ್ಯಾನ್ ಒಬ್ಬರೇ ಹಿಡಿದುಕೊಂಡರೆ ಎರಡನೆಯದರ ಹೊತ್ತಿಗೆ ನಾಲಿಗೆ ಮರಗಟ್ಟಿರುತ್ತದೆ. ಗೋಧಿಯ ಬಿಯರ್ ಮೊದಲು, ಐಪಿಎ ಕೊನೆಗೆ. ಒಮ್ಮೆ ಕಹಿ ಕೂತಿತೆಂದರೆ ಆಮೇಲಿನದೆಲ್ಲ ಸಪ್ಪೆ. ಐಸಿನಿಂದ ತೆಗೆದ ಕೂಡಲೇ ಬಾಯಿಗಿಡಲೂ ಬಾರದು, ತೀರಾ ತಣ್ಣಗಿದ್ದರೆ ಪರಿಮಳವೇ ಏಳುವುದಿಲ್ಲ. ಜರ್ಮನ್ ಶೈಲಿಯ ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬರುತ್ತದಲ್ಲ, ಅದರಲ್ಲಿ ಹಣ್ಣೂ ಇಲ್ಲ, ಲವಂಗವೂ ಇಲ್ಲ; ಎಲ್ಲ ಈಸ್ಟಿನ ಕೆಲಸ. ಬೆಲ್ಜಿಯನ್ ಬಗೆಯಲ್ಲಾದರೆ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ನಿಜವಾಗಿಯೂ ಬೀಳುತ್ತವೆ.

ಮೀನಿನ ವಿಷಯದಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ. ಒಣಮೆಣಸಿನಕಾಯಿ, ವಿನೆಗರ್ ಹಾಕಿ ಅರೆದ ರೆಶಾದ್ ಮಸಾಲೆ ತುಂಬಿದ ಬಂಗುಡೆಗೂ ಐಪಿಎಗೂ ಆಗಿಬರುವುದಿಲ್ಲ. ಕಹಿ ಸೇರಿದರೆ ಖಾರ ಇನ್ನಷ್ಟು ಉರಿಯುತ್ತದೆ. ಅದಕ್ಕೆ ಗೋಧಿ ಬಿಯರೇ ಸರಿ. ಐಪಿಎ ಬೇಕೇಬೇಕು ಎನ್ನುವವರು ರವೆ ಹಚ್ಚಿ ಕರಿದ ಕಾಣೆ ತರಿಸಿಕೊಳ್ಳಲಿ.

ಮಣ್ಣಿನ ರುಚಿಯೇ ಬೇಕೆನ್ನುವವರು ಮಾರ್ಚ್‌ನಿಂದ ಮೇ ಒಳಗೆ ಹೋಗಿ ಉರಾಕ್ ಕೇಳಬೇಕು. ಅಲ್ಲಿನ ಗುಡ್ಡಗಳ ಗೇರುಹಣ್ಣಿನ ರಸ ಹುಳಿಯಾದ ಮೇಲೆ ಮೊದಲ ಸಲ ಭಟ್ಟಿ ಇಳಿಸಿದಾಗ ಸಿಗುವುದು ಇದು. ಮತ್ತೊಮ್ಮೆ ಇಳಿಸಿದರೆ ಫೆನಿ. ಗೇರು ಫೆನಿಗೆ 2009ರಲ್ಲೇ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಉರಾಕ್‌ಗೆ ಲಿಮ್ಕಾ ಸುರಿದು, ಚಿಟಿಕೆ ಉಪ್ಪು, ಸೀಳಿದ ಹಸಿಮೆಣಸಿನಕಾಯಿ ಹಾಕಿ ಕೊಡುತ್ತಾರೆ. ಜ್ಯೂಸಿನ ಹಾಗೆ ಗಂಟಲಿಗಿಳಿಯುತ್ತದೆ, ಆದರೆ ಬಿಯರಿಗಿಂತ ಗಟ್ಟಿ. ಬಿಯರಿನ ನಡುವೆ ಇದನ್ನು ಬೆರೆಸುವುದು ಬೇಡ.

ಮದ್ಯ ದೇಹದ ನೀರು ಕಳೆಯುತ್ತದೆ, ಸೆಕೆ ಮತ್ತಷ್ಟು ಕಳೆಯುತ್ತದೆ. ಪ್ರತಿ ಲೋಟಕ್ಕೆ ಒಂದು ಎಳನೀರು ಎಂದು ಲೆಕ್ಕವಿಟ್ಟುಕೊಂಡರೆ ನೀರಿನ ಕೊರತೆ ಅಷ್ಟಾಗಿ ಕಾಡದು. ಸ್ನಾನ, ಈಜು ಎಲ್ಲ ಬೆಳಗ್ಗೆಯೇ ಮುಗಿಯಲಿ. ಕುಡಿದ ಮೇಲೆ ಮೊಣಕಾಲುದ್ದದ ನೀರಿಗೂ ಇಳಿಯಬೇಡಿ. ಕ್ಯಾನ್ ಹಿಡಿದು ಮರಳಿನ ಮೇಲೆ ಅಡ್ಡಾಡುವುದೂ ಬೇಡ, ತೆರೆದ ಬೀಚಿನಲ್ಲಿ ಕುಡಿದರೆ 2019ರಿಂದ ದಂಡವಿದೆ. ಇನ್ನು ಅಗ್ಗವೆಂದು ಬ್ಯಾಗಿಗೆ ತುರುಕಿಕೊಳ್ಳುವ ಬಾಟಲಿಗಳು: ಪರ್ಮಿಟ್ ಇಲ್ಲದೆ ಗಡಿ ದಾಟಿಸುವುದು ಅಪರಾಧ, ಮಾಜಾಳಿಯಲ್ಲಿ ಅಬಕಾರಿಯವರು ಬ್ಯಾಗ್ ತೆರೆಸುತ್ತಾರೆ. ಗೋವಾದ್ದನ್ನು ಗೋವಾದಲ್ಲೇ ಮುಗಿಸಿ ಬನ್ನಿ.